ಓದುಗರ ಪತ್ರಕ್ಕೆ ಉತ್ತರ: ಮೂರು ಗೆರೆ ಮತ್ತು ಆತ್ಮಸಾಕ್ಷಿ

ಈ ಸಲ ಜಾಸ್ತಿ ಪತ್ರ ಬಂದದ್ದು ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಂದ. ಅವುಗಳಲ್ಲಿ ಬಹಳಷ್ಟು ರಾಜಕೀಯ ಮತ್ತು ಆತ್ಮಸಾಕ್ಷಿಯ ಬಗ್ಗೆ. ನಾನೂ ಇಲ್ಲೇ ಬದುಕು ಕಟ್ಟಿಕೊಂಡವಳು, ಈ ಪ್ರಶ್ನೆಗಳು ನನ್ನನ್ನೂ ಕಾಡುತ್ತವೆ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಗುಣವಾಗದ ಕಾಯಿಲೆಯವರು ವೈದ್ಯರ ನೆರವು ಪಡೆದು ಸಾಯಲು ಅವಕಾಶ ಕೊಡುವ ಮಸೂದೆ ಬಂದಾಗ, ಸಂಸದರು ಆತ್ಮಸಾಕ್ಷಿಯಂತೆ ಮತ ಹಾಕಲಿ ಎಂದು ದೊಡ್ಡ ಪಕ್ಷಗಳೆಲ್ಲ ಹೇಳಿದವು. ಹಾಗಾದರೆ ಬೇರೆ ದಿನ ಅವರು ಯಾವುದರಂತೆ ಮತ ಹಾಕುತ್ತಾರೆ? (ರೆಡಿಂಗ್‌ನ ಓದುಗರು)

ಉತ್ತರ: ಬೇರೆ ದಿನ ಪಕ್ಷ ಹೇಳಿದಂತೆ. ಸಂಸತ್ತು ನಡೆಯುವಾಗ ವಾರಕ್ಕೊಮ್ಮೆ ಪಕ್ಷದ ವಿಪ್‌ಗಳ ಕಚೇರಿಯಿಂದ ಸಂಸದರಿಗೆ ಮುಂದಿನ ಕಲಾಪದ ಪಟ್ಟಿ ಹೋಗುತ್ತದೆ. ಯಾವ ವಿಷಯದ ಕೆಳಗೆ ಮೂರು ಗೆರೆ ಎಳೆದಿದೆಯೋ ಅದಕ್ಕೆ ಬರಲೇಬೇಕು, ಪಕ್ಷ ಹೇಳಿದ ಕಡೆಗೇ ಮತ ಹಾಕಬೇಕು. ಮೀರಿದರೆ ಹೊರಗೆ ಹಾಕಬಹುದು. ಕೆಲವೇ ವಿಷಯಗಳಿಗೆ ಈ ಗೆರೆ ಇರುವುದಿಲ್ಲ. 1965ರಲ್ಲಿ ಕೊಲೆಗೆ ಗಲ್ಲು ಶಿಕ್ಷೆ ನಿಲ್ಲಿಸಿದ್ದು, 1967ರ ಗರ್ಭಪಾತ ಕಾಯ್ದೆ, 2013ರಲ್ಲಿ ಸಲಿಂಗಿಗಳ ಮದುವೆಗೆ ಒಪ್ಪಿಗೆ ಕೊಟ್ಟದ್ದು ಎಲ್ಲವೂ ಹೀಗೇ ಆದವು. 2013ರಲ್ಲಂತೂ ಪ್ರಧಾನಿ ಡೇವಿಡ್ ಕ್ಯಾಮರಾನ್ ಅವರ ಸ್ವಂತ ಪಕ್ಷದಲ್ಲಿ ಪರವಾಗಿ ನಿಂತವರಿಗಿಂತ ವಿರೋಧಿಸಿದವರೇ ಜಾಸ್ತಿ ಇದ್ದರು. ಯಾರಿಗೂ ಶಿಕ್ಷೆ ಆಗಲಿಲ್ಲ.

ಲೇಬರ್ ಪಕ್ಷದ ಸಂಸದೆ ಕಿಮ್ ಲೆಡ್‌ಬೀಟರ್ ತಂದ, ನೀವು ಹೇಳುವ ಮಸೂದೆಗೆ 2024ರ ನವೆಂಬರ್ 29ರಂದು 330 ಮತ ಪರ, 275 ವಿರೋಧ ಬಂದವು. ಮುಂದಿನ ವರ್ಷ ಜೂನ್ 20ಕ್ಕೆ ಅದು 314ಕ್ಕೆ 291 ಆಯಿತು, ಅಂತರ ಅರ್ಧಕ್ಕಿಂತ ಕಡಿಮೆ. ಮೊದಲ ಸಲ ಹೌದು ಎಂದ ಕೆಲವರು ಎರಡನೇ ಸಲ ಇಲ್ಲ ಎಂದರು. ನನಗೆ ಇದು ಬಹಳ ಇಷ್ಟವಾಯಿತು. ಜನ ಯೋಚಿಸುತ್ತಿದ್ದರು, ಕೇಳಿಸಿಕೊಳ್ಳುತ್ತಿದ್ದರು, ಒಂದೇ ಪಕ್ಷದವರು ಎದುರು ಬದುರು ನಿಂತು ಪರಸ್ಪರ ಗೌರವದಿಂದ ಮಾತಾಡುತ್ತಿದ್ದರು.

ಆದರೆ ನನ್ನನ್ನು ಕೊರೆಯುವ ವಿಷಯ ಬೇರೆಯೇ ಇದೆ. 2017ರ ಏಪ್ರಿಲ್‌ನಿಂದ ಇಲ್ಲಿ ಒಂದು ನಿಯಮ ಬಂತು. ಬಡ ಕುಟುಂಬದಲ್ಲಿ ಆಮೇಲೆ ಹುಟ್ಟಿದ ಮೂರನೇ ಮಗುವಿನಿಂದ ಮುಂದಕ್ಕೆ ಮಕ್ಕಳ ಲೆಕ್ಕದ ನೆರವು ಸಿಗುತ್ತಿರಲಿಲ್ಲ. 2024ರ ಜುಲೈನಲ್ಲಿ, ಲೇಬರ್ ಸರ್ಕಾರ ಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ, ಇದನ್ನು ತೆಗೆಯಿರಿ ಎಂಬ ತಿದ್ದುಪಡಿ ಬಂತು. ಪರವಾಗಿ 103, ವಿರೋಧವಾಗಿ 363. ಪರವಾಗಿ ಮತ ಹಾಕಿದ ಲೇಬರ್ ಪಕ್ಷದ 7 ಸಂಸದರನ್ನು ಅದೇ ದಿನ ಪಕ್ಷದ ಗುಂಪಿನಿಂದ ಅಮಾನತು ಮಾಡಿದರು. ಅದೇ ಸರ್ಕಾರ 2025ರ ನವೆಂಬರ್ ಬಜೆಟ್‌ನಲ್ಲಿ ಆ ಮಿತಿಯನ್ನು 2026ರ ಏಪ್ರಿಲ್‌ನಿಂದ ತೆಗೆಯುತ್ತೇವೆ ಎಂದು ಘೋಷಿಸಿತು.

ಸಾವಿನ ಪ್ರಶ್ನೆಗೆ ಆತ್ಮಸಾಕ್ಷಿ ಬೇಕು, ಮಗುವಿನ ಊಟದ ಪ್ರಶ್ನೆಗೆ ಬೇಡ ಅಂತ ಯಾರು ತೀರ್ಮಾನ ಮಾಡಿದರು? ಇಲ್ಲಿನ ದೊಡ್ಡ ಅಂಗಡಿಗಳಲ್ಲಿ ಬಿಲ್ ಕೊಟ್ಟು ಹೊರಡುವ ಕಡೆ ಒಂದು ಪೆಟ್ಟಿಗೆ ಇರುತ್ತದೆ, ನೀವೂ ನೋಡಿರುತ್ತೀರಿ. ಬೀನ್ಸ್ ಡಬ್ಬಿ, ಪಾಸ್ತಾ, ಮಕ್ಕಳ ಡೈಪರ್, ಒಂದೊಂದು ಸಲ ಯಾರೋ ಹಾಕಿದ ಚಾಕೊಲೇಟ್. ಅದೆಲ್ಲ ಫುಡ್ ಬ್ಯಾಂಕಿಗೆ ಹೋಗುತ್ತದೆ. ಟ್ರಸೆಲ್ ಸಂಸ್ಥೆಯ ಜಾಲವೊಂದೇ 2023-24ರಲ್ಲಿ ಸುಮಾರು 31 ಲಕ್ಷ ಆಹಾರದ ಪೊಟ್ಟಣ ಹಂಚಿತು. ಆ ಪೆಟ್ಟಿಗೆ ಈಗ ಯಾರ ಕಣ್ಣಿಗೂ ಚುಚ್ಚದಷ್ಟು ಮಾಮೂಲಾಗಿದೆ. ಸರ್ಕಾರ ನಡೆಸಲು ಪಕ್ಷದ ಶಿಸ್ತು ಬೇಕು, ಒಪ್ಪುತ್ತೇನೆ. ಪ್ರಣಾಳಿಕೆ ನೋಡಿ ಮತ ಕೊಟ್ಟವರಿಗೂ ಒಂದು ನಿಯತ್ತು ಇರಬೇಕು. ಆದರೂ ಹುಟ್ಟು, ಸಾವು, ಮದುವೆಗೆ ಮಾತ್ರ ಆತ್ಮಸಾಕ್ಷಿಯನ್ನು ಮೀಸಲಿಟ್ಟು ಹಸಿವನ್ನು ಲೆಕ್ಕಪತ್ರಕ್ಕೆ ಬಿಟ್ಟುಕೊಡುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ನಾನು ಇಲ್ಲಿ ನರ್ಸ್. ಭಾರತದ ಪಾಸ್‌ಪೋರ್ಟ್, ಕೆಲಸದ ವೀಸಾ. ಮತದಾರರ ಪಟ್ಟಿಗೆ ಸೇರಿ ಎಂದು ಕೌನ್ಸಿಲ್‌ನಿಂದ ಕಾಗದ ಬಂದಿದೆ. ಬಂದವರು ಬಂದ ಹಾಗೆ ಇರಬೇಕಲ್ವಾ, ಇವರ ರಾಜಕೀಯ ನಮಗೇಕೆ? (ಲೀಡ್ಸ್)

ಉತ್ತರ: ದಯವಿಟ್ಟು ಸೇರಿ. ಕಾಮನ್‌ವೆಲ್ತ್ ದೇಶದ ಪ್ರಜೆ ಸರಿಯಾದ ವೀಸಾ ಹಿಡಿದು ಇಲ್ಲಿ ವಾಸವಿದ್ದರೆ ಸಂಸತ್ತಿನ ಚುನಾವಣೆಯಲ್ಲೂ ಮತ ಹಾಕಬಹುದು. ಫ್ರಾನ್ಸ್, ಜರ್ಮನಿಯಿಂದ ಬಂದವರಿಗೆ ಆ ಹಕ್ಕಿಲ್ಲ. ಮತಗಟ್ಟೆಯಲ್ಲಿ ನಿಮ್ಮ ಭಾರತದ ಪಾಸ್‌ಪೋರ್ಟೇ ಗುರುತಿನ ಚೀಟಿಯಾಗಿ ನಡೆಯುತ್ತದೆ. ಸಂಬಳದಲ್ಲಿ ತೆರಿಗೆ ಹಿಡಿಯುತ್ತಾರೆ, ನ್ಯಾಷನಲ್ ಇನ್ಶೂರೆನ್ಸ್ ಹಿಡಿಯುತ್ತಾರೆ, ಕೌನ್ಸಿಲ್ ತೆರಿಗೆ ಬೇರೆ. ರಾತ್ರಿಯೆಲ್ಲ ಎದ್ದಿದ್ದು ಈ ದೇಶದ ರೋಗಿಗಳನ್ನು ನೋಡಿಕೊಳ್ಳುತ್ತೀರಿ. ಆ ಆಸ್ಪತ್ರೆ ಹೇಗೆ ನಡೆಯಬೇಕು ಅಂತ ಹೇಳಲು ನಿಮಗಿಂತ ಅರ್ಹರು ಯಾರು? 1892ರಲ್ಲಿ ಲಂಡನ್ನಿನ ಫಿನ್ಸ್‌ಬರಿ ಸೆಂಟ್ರಲ್‌ನಿಂದ ದಾದಾಭಾಯಿ ನವರೋಜಿ ಗೆದ್ದದ್ದು ಬರೀ 5 ಮತದಿಂದ. ಒಂದು ಮತದಿಂದ ಏನಾಗುತ್ತೆ ಎಂದು ಕೇಳುವವರಿಗೆ ನಾನು ಯಾವಾಗಲೂ ಇದನ್ನೇ ಹೇಳುವುದು.

ಪ್ರಶ್ನೆ: ಪೌರತ್ವ ಸಿಕ್ಕಿದೆ, ಮುಂದಿನ ತಿಂಗಳು ಸಮಾರಂಭ. ನನಗೆ ದೇವರಲ್ಲಿ ನಂಬಿಕೆ ಇಲ್ಲ. ದೇವರ ಹೆಸರಲ್ಲಿ ಪ್ರಮಾಣ ಮಾಡಿದರೆ ಸುಳ್ಳು ಹೇಳಿದಂತೆ ಆಗುವುದಿಲ್ಲವೇ? (ಕಾರ್ಡಿಫ್)

ಉತ್ತರ: ನೀವು ಸುಳ್ಳು ಹೇಳಬೇಕಾಗಿಯೇ ಇಲ್ಲ. ದೇವರ ಹೆಸರಿಲ್ಲದೆ ದೃಢೀಕರಿಸುವ ಇನ್ನೊಂದು ಪಾಠ ಇದೆ, ಅದನ್ನು ಓದುತ್ತೇನೆ ಎಂದು ಸಮಾರಂಭದ ಸಿಬ್ಬಂದಿಗೆ ಹೇಳಿದರೆ ಸಾಕು. ಯಾರೂ ಏಕೆ ಅಂತ ಕೇಳುವುದಿಲ್ಲ. ರಾಜನಿಗೆ ನಿಷ್ಠೆ ಎಂಬ ಮಾತು ಮಾತ್ರ ಎರಡರಲ್ಲೂ ಇರುತ್ತದೆ, ಅದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅದು ನಿಮಗೆ ಒಪ್ಪಿಗೆಯೇ ಎಂದು ಈಗಲೇ ಯೋಚಿಸಿಕೊಳ್ಳಿ.

ಈ ಸೌಲಭ್ಯದ ಹಿಂದೆ ಒಬ್ಬ ಮನುಷ್ಯನ ದೊಡ್ಡ ಜಗಳ ಇದೆ. ಚಾರ್ಲ್ಸ್ ಬ್ರಾಡ್ಲಾ 1880ರಲ್ಲಿ ನಾರ್ಥಾಂಪ್ಟನ್‌ನಿಂದ ಸಂಸತ್ತಿಗೆ ಆರಿಸಿ ಬಂದ ನಾಸ್ತಿಕ. ದೃಢೀಕರಣ ಮಾಡುತ್ತೇನೆ ಎಂದರೆ ಬಿಡಲಿಲ್ಲ, ಹಾಗಾದರೆ ಪ್ರಮಾಣವನ್ನೇ ಮಾಡುತ್ತೇನೆ ಎಂದರೆ ನಾಸ್ತಿಕನ ಪ್ರಮಾಣಕ್ಕೆ ಬೆಲೆಯಿಲ್ಲ ಅಂದರು, ಒಂದು ರಾತ್ರಿ ಸಂಸತ್ತಿನ ಗಡಿಯಾರದ ಗೋಪುರದಲ್ಲೇ ಕೂಡಿ ಹಾಕಿದರು. ಊರಿನವರು ಬಿಡದೆ ಅವರನ್ನೇ ಮತ್ತೆ ಮತ್ತೆ ಗೆಲ್ಲಿಸಿ ಕಳಿಸಿದರು. ಕೊನೆಗೆ 1886ರಲ್ಲಿ ಕೂರಲು ಜಾಗ ಸಿಕ್ಕಿತು, 1888ರಲ್ಲಿ ಕಾನೂನೇ ಬದಲಾಯಿತು. ಮರುವರ್ಷ ಇದೇ ಬ್ರಾಡ್ಲಾ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೆ ಹೋಗಿದ್ದರು. 1891ರಲ್ಲಿ ಅವರು ತೀರಿಕೊಂಡಾಗ ಅಂತ್ಯಕ್ರಿಯೆಗೆ ಹೋದವರಲ್ಲಿ ಕಾನೂನು ಓದುತ್ತಿದ್ದ ಯುವಕ ಗಾಂಧಿಯೂ ಇದ್ದರು. ನಿಮ್ಮಂಥವರ ಪರವಾಗಿ ಅಷ್ಟು ಹಿಂದೆಯೇ ಒಬ್ಬರು ಸೆಣಸಿ ಹೋಗಿದ್ದಾರೆ. ಆ ಹಕ್ಕನ್ನು ಸಂಕೋಚವಿಲ್ಲದೆ ಬಳಸಿಕೊಳ್ಳಿ.

ಪ್ರಶ್ನೆ: ಕೇರ್ ಹೋಮ್‌ನಲ್ಲಿ ರಾತ್ರಿ ಪಾಳಿ. ಮಾಡದ ಆರೈಕೆಯನ್ನು ಮಾಡಿದಂತೆ ದಾಖಲೆಯಲ್ಲಿ ಬರೆಸುತ್ತಾರೆ. ವೀಸಾ ಕೊಟ್ಟವರೂ ಅವರೇ. ಮನಸ್ಸು ಒಪ್ಪುತ್ತಿಲ್ಲ, ಆದರೆ ಊರಲ್ಲಿ ಸಾಲ ಇದೆ. ಸುಮ್ನೆ ಇದ್ದುಬಿಡಲೇ? (ಹೆಸರು, ಊರು ಬೇಡ ಎಂದಿದ್ದಾರೆ)

ಉತ್ತರ: ನಿಮ್ಮ ಪತ್ರ ಓದಿ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಸುಮ್ಮನಿರಬೇಡಿ, ಆದರೆ ಒಬ್ಬರೇ ಹೋಗಿ ಮ್ಯಾನೇಜರ್ ಎದುರು ಜಗಳವನ್ನೂ ಆಡಬೇಡಿ. ಯಾವ ದಿನ, ಎಷ್ಟು ಗಂಟೆಗೆ, ಏನು ಬರೆಸಿದರು ಎಂದು ಮನೆಯಲ್ಲಿ ಒಂದು ಪುಸ್ತಕದಲ್ಲಿ ಬರೆದಿಡಿ. ರೋಗಿಗಳ ಹೆಸರು ಬೇಡ. ಯೂನಿಸನ್‌ನಂಥ ಕಾರ್ಮಿಕ ಸಂಘ ಸೇರಿ. ಪ್ರೊಟೆಕ್ಟ್ ಎಂಬ ಸಂಸ್ಥೆ ಇಂಥ ವಿಷಯಕ್ಕೇ ಉಚಿತ ಸಲಹೆ ಕೊಡುತ್ತದೆ, ಮೊದಲು ಅವರೊಡನೆ ಮಾತಾಡಿ. ಇಂಗ್ಲೆಂಡಿನಲ್ಲಿದ್ದರೆ ಕೇರ್ ಹೋಮ್‌ಗಳ ತಪಾಸಣೆ ಮಾಡುವ ಕೇರ್ ಕ್ವಾಲಿಟಿ ಕಮಿಷನ್‌ಗೆ ಹೆಸರು ಹೇಳದೆಯೂ ತಿಳಿಸಬಹುದು. ಸಾರ್ವಜನಿಕ ಹಿತಕ್ಕಾಗಿ ತಪ್ಪನ್ನು ಹೊರಹಾಕಿದವರಿಗೆ 1998ರ ಕಾನೂನಿನ ರಕ್ಷಣೆ ಇದೆ. ಅದು ವೀಸಾ ಉಳಿಸಿಕೊಡುವುದಿಲ್ಲ, ನಿಜ. ಕೆಲಸ ಹೋದರೆ ಸಾಮಾನ್ಯವಾಗಿ 60 ದಿನ ಸಿಗುತ್ತದೆ, ಅಷ್ಟರಲ್ಲಿ ಬೇರೆ ಕಡೆ ನೋಡಿಕೊಳ್ಳಬೇಕು. ಹಾಗಾಗಿ ದೂರು ಕೊಡುವ ಮೊದಲೇ ಬೇರೆ ಕೆಲಸ ಹುಡುಕಲು ಶುರು ಮಾಡಿ. ಇದು ಹೇಡಿತನವಲ್ಲ.

ಒಬ್ಬರೇ ಬೇಡ ಎಂದು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಅಂಚೆ ಕಚೇರಿಯ ಹರೈಜನ್ ಕಂಪ್ಯೂಟರ್ ಹಗರಣ ನಿಮಗೆ ಗೊತ್ತಿರಬಹುದು. ತಪ್ಪು ಲೆಕ್ಕ ತೋರಿಸುವ ಯಂತ್ರವನ್ನು ನಂಬಿ, 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಸಣ್ಣ ಅಂಚೆ ಕಚೇರಿಯವರನ್ನು ಕಳ್ಳರೆಂದು ತೀರ್ಮಾನಿಸಿದರು. ಅವರಲ್ಲಿ ನಮ್ಮ ಕಡೆಯಿಂದ ಬಂದ ಅಂಗಡಿಯವರೂ ಇದ್ದರು. ಸಹಾಯವಾಣಿಗೆ ಫೋನ್ ಮಾಡಿದರೆ ಎಷ್ಟೋ ಜನಕ್ಕೆ ಬಂದ ಉತ್ತರ ಒಂದೇ: ಈ ತೊಂದರೆ ನಿಮಗೊಬ್ಬರಿಗೇ ಆಗಿರುವುದು. ಲ್ಯಾಂಡಡ್ನೊ ಊರಿನಲ್ಲಿ ಅಂಚೆ ಕಚೇರಿ ನಡೆಸುತ್ತಿದ್ದ ಆಲನ್ ಬೇಟ್ಸ್ ಮಾತ್ರ ಒಪ್ಪಲಿಲ್ಲ. 2009ರಲ್ಲಿ ಫೆನ್ನಿ ಕಾಂಪ್ಟನ್ ಎಂಬ ಹಳ್ಳಿಯ ಸಭಾಭವನದಲ್ಲಿ ಇಂಥ ಕೆಲವರು ಒಟ್ಟಿಗೆ ಸೇರಿದರು. ತಾವು ಒಂಟಿಯಲ್ಲ ಎಂದು ಅವರಿಗೆ ಗೊತ್ತಾದದ್ದು ಅಲ್ಲಿ. ಆಮೇಲೂ ಹತ್ತು ವರ್ಷ ಹೋರಾಡಿ 2019ರಲ್ಲಿ ಹೈಕೋರ್ಟ್‌ನಲ್ಲಿ ಗೆದ್ದರು, 2024ರಲ್ಲಿ ಸಂಸತ್ತು ಕಾನೂನು ಮಾಡಿ ಆ ಶಿಕ್ಷೆಗಳನ್ನು ರದ್ದು ಮಾಡಿತು. ನಿಮ್ಮ ಜೊತೆಯ ಪಾಳಿಯವರಿಗೂ ಇದೇ ಸಂಕಟ ಇರಬಹುದು. ನಂಬಿಕೆಯ ಒಬ್ಬರನ್ನು ಕೇಳಿ ನೋಡಿ.

ಪ್ರಶ್ನೆ: ಪ್ರತಿ ವರ್ಷ ಲಂಡನ್ನಿನ ಬಸವಣ್ಣನ ಪ್ರತಿಮೆಗೆ ಹೂ ಹಾಕುತ್ತೇವೆ. ಆದರೆ ನಮ್ಮ ಗುಂಪಿಗೆ ಹೊಸಬರು ಬಂದರೆ ಮೊದಲ ಪ್ರಶ್ನೆ ‘ನೀವು ಯಾವ ಜನ?’ ಅಂತ. ಇಲ್ಲಿ ಇದಕ್ಕೆ ಕಾನೂನು ಇಲ್ಲವೇ? (ಸ್ಲೌ)

ಉತ್ತರ: ಇದ್ದೂ ಇಲ್ಲ. 2010ರ ಸಮಾನತೆ ಕಾಯ್ದೆಯಲ್ಲಿ ಜನಾಂಗ, ಧರ್ಮ, ಲಿಂಗ, ವಯಸ್ಸು ಎಲ್ಲ ಇದೆ. ಜಾತಿಯನ್ನೂ ಸೇರಿಸಿ ಎಂದು 2013ರಲ್ಲಿ ಸಂಸತ್ತೇ ಸರ್ಕಾರಕ್ಕೆ ಹೇಳಿತು. ಸರ್ಕಾರ ಎಳೆದಾಡಿ, ಜನರ ಅಭಿಪ್ರಾಯ ಕೇಳಿ, 2018ರ ಜುಲೈನಲ್ಲಿ ಸೇರಿಸುವುದಿಲ್ಲ ಎಂದು ಬಿಟ್ಟಿತು. ನ್ಯಾಯಾಲಯಗಳ ತೀರ್ಪೇ ಸಾಕು ಎಂಬುದು ಅದರ ವಾದ. ಅಂಥ ತೀರ್ಪು ಇದೆ. ಬಿಹಾರದಿಂದ ಮನೆಗೆಲಸಕ್ಕೆಂದು ಕರೆತಂದ ಒಬ್ಬ ಆದಿವಾಸಿ ಹೆಂಗಸಿಗೆ ಗಂಟೆಗೆ 11 ಪೆನ್ಸ್ ಲೆಕ್ಕದಲ್ಲಿ ದುಡಿಸಿಕೊಂಡಿದ್ದರು. 2015ರಲ್ಲಿ ಟ್ರಿಬ್ಯುನಲ್ ಆಕೆಗೆ 1,80,000 ಪೌಂಡ್‌ಗೂ ಹೆಚ್ಚು ಬಾಕಿ ಸಂಬಳ ಕೊಡಿಸಿತು. ದುಡಿಸಿಕೊಂಡವರೂ ಭಾರತ ಮೂಲದವರೇ.

ಕಾನೂನು ಬೇಡ ಎಂದವರಲ್ಲಿ ಇಲ್ಲಿನ ಹಲವು ಹಿಂದೂ ಸಂಘಟನೆಗಳೂ ಇದ್ದವು. ಜಾತಿ ಮರೆತು ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಅದನ್ನು ಮತ್ತೆ ನೆನಪಿಸಿದಂತೆ ಆಗುತ್ತದೆ ಎಂಬುದು ಅವರ ಮಾತು. ನಾನು ಒಪ್ಪುವುದಿಲ್ಲ. ‘ಯಾವ ಜನ’ ಎಂದು ಕೇಳಿಸಿಕೊಂಡವರಿಗೆ ಅದು ಮರೆತಿಲ್ಲ. ಆ ಪ್ರತಿಮೆ 2015ರ ನವೆಂಬರ್‌ನಲ್ಲಿ ಅನಾವರಣವಾಯಿತು. ಥೇಮ್ಸ್ ನದಿಯ ಈಚೆ ದಡದಲ್ಲಿ ಬಸವಣ್ಣ, ಆಚೆ ದಡದಲ್ಲಿ, ಸರ್ಕಾರ ಕೈಬಿಟ್ಟ ಆ ಕಾನೂನನ್ನು ಕೇಳಿದ್ದ ಸಂಸತ್ತು. ಅಲ್ಲಿ ನಿಂತು ಹೂ ಹಾಕುವ ನಾವು ನಮ್ಮ ಸಂಸದರಿಗೆ ಈ ಬಗ್ಗೆ ಒಂದು ಕಾಗದ ಬರೆಯಬಹುದಲ್ವಾ? ಬರೆದರೆ ಸಾಮಾನ್ಯವಾಗಿ ಉತ್ತರ ಬರುತ್ತದೆ.

ಇನ್ನೊಂದು ಮಾತು, ಇದೂ ನಮ್ಮ ಮನೆಗಳದ್ದೇ. ಸಣ್ಣ ದೋಣಿಯಲ್ಲಿ ಇಂಗ್ಲಿಷ್ ಕಾಲುವೆ ದಾಟಿ ಬರುವವರನ್ನು ನಮ್ಮವರು ಬೈಯುವ ರೀತಿ ಕೇಳಿದರೆ ನೋವಾಗುತ್ತದೆ. ನಾವು ಸಾಲಿನಲ್ಲಿ ನಿಂತು ಬಂದವರು, ಅವರು ನುಗ್ಗಿದವರು ಅಂತ. 2024ರ ಜುಲೈ ಕೊನೆಗೆ ಸೌತ್‌ಪೋರ್ಟ್‌ನಲ್ಲಿ ಮೂರು ಪುಟ್ಟ ಹುಡುಗಿಯರ ಕೊಲೆಯಾಯಿತು. ಕೊಂದವನು ದೋಣಿಯಲ್ಲಿ ಬಂದವನು ಎಂಬ ಸುಳ್ಳು ಹಬ್ಬಿತು. ಅವನು ಹುಟ್ಟಿದ್ದು ಕಾರ್ಡಿಫ್‌ನಲ್ಲಿ. ಆದರೂ ಮಸೀದಿಯ ಮೇಲೆ ಕಲ್ಲು ಬಿತ್ತು. ಆ ಗುಂಪುಗಳು ಬೀದಿಯಲ್ಲಿ ಕಂದು ಬಣ್ಣದ ಮುಖ ಕಂಡಾಗ ವೀಸಾ ತೋರಿಸು ಎಂದು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಅದೇ ಊರಿನ ಗಾರೆಯವರು ಇಟ್ಟಿಗೆ, ಸಿಮೆಂಟು ತಂದು ಮಸೀದಿಯ ಮುರಿದ ಗೋಡೆ ಕಟ್ಟಿಕೊಟ್ಟರು. ಬ್ರಿಟನ್ನಿನವರು ಒಳ್ಳೆಯವರೋ ಕೆಟ್ಟವರೋ ಎಂದು ಕೇಳುವವರಿಗೆ ನಾನು ಎರಡನ್ನೂ ಹೇಳುತ್ತೇನೆ, ಒಂದನ್ನು ಮುಚ್ಚಿಡುವುದಿಲ್ಲ.

ಪ್ರಶ್ನೆ: ಮಗಳಿಗೆ 17. ಲಂಡನ್ನಿನಲ್ಲಿ ನಡೆಯುವ ಯುದ್ಧ ವಿರೋಧಿ ಮೆರವಣಿಗೆಗೆ ಹೋಗುತ್ತೇನೆ ಎನ್ನುತ್ತಾಳೆ. ನಮ್ಮ ಕಾಯಂ ವಾಸದ ಅರ್ಜಿ ಇನ್ನೂ ಬಾಕಿ ಇದೆ. ಮೆರವಣಿಗೆಯಿಂದ ಅದಕ್ಕೆ ತೊಂದರೆ ಆಗುತ್ತದೆಯೇ ಎಂಬ ಕಳವಳ ಅವಳಿಗೆ ಅರ್ಥವಾಗುವುದಿಲ್ಲ. (ಕ್ರಾಯ್ಡನ್)

ಉತ್ತರ: ಮೊದಲು ಮಗಳ ಪರವಾಗಿ ಒಂದು ಮಾತು: ಮೆರವಣಿಗೆಯಿಂದ ಏನೂ ಬದಲಾಗುವುದಿಲ್ಲ ಎನ್ನುವವರು ಇಲ್ಲಿನ ಚರಿತ್ರೆ ನೋಡಿಲ್ಲ. 2003ರ ಫೆಬ್ರವರಿ 15ರಂದು ಇರಾಕ್ ಯುದ್ಧ ಬೇಡ ಎಂದು ಲಕ್ಷಾಂತರ ಜನ ಲಂಡನ್ನಿನ ಬೀದಿಗೆ ಬಂದರು. ಮಾರ್ಚ್ 17ರಂದು ರಾಬಿನ್ ಕುಕ್ ಮಂತ್ರಿ ಪದವಿ ಬಿಟ್ಟು ಹಿಂದಿನ ಸಾಲಿನಲ್ಲಿ ನಿಂತು ಮಾತಾಡಿದರು. ಚಪ್ಪಾಳೆ ತಟ್ಟುವ ರೂಢಿಯೇ ಇಲ್ಲದ ಆ ಸದನದಲ್ಲಿ ಚಪ್ಪಾಳೆ ಬಿತ್ತು. ಆದರೂ ಮರುದಿನ 412ಕ್ಕೆ 149 ಮತದಿಂದ ಯುದ್ಧಕ್ಕೆ ಒಪ್ಪಿಗೆ ಸಿಕ್ಕಿತು. ಸೋತರು ಅಂತ ಎಲ್ಲರೂ ಅಂದುಕೊಂಡರು. ಆದರೆ ಯುದ್ಧಕ್ಕೆ ಮೊದಲು ಸಂಸತ್ತನ್ನು ಕೇಳಬೇಕು ಎಂಬ ರೂಢಿ ಬಲವಾದದ್ದು ಆಗಲೇ. 2013ರ ಆಗಸ್ಟ್‌ನಲ್ಲಿ ಸಿರಿಯಾ ಮೇಲೆ ದಾಳಿಗೆ ಪ್ರಧಾನಿ ಒಪ್ಪಿಗೆ ಕೇಳಿದಾಗ 285ಕ್ಕೆ 272ರಿಂದ ಸದನ ಬೇಡ ಎಂದಿತು.

ನಿಮ್ಮ ಕಳವಳವೂ ಸುಳ್ಳಲ್ಲ. ಶಾಂತಿಯಿಂದ ಮೆರವಣಿಗೆ ಹೋಗುವುದು ಅಪರಾಧವಲ್ಲ, ವೀಸಾಕ್ಕೆ ಅದು ಅಡ್ಡಿಯೂ ಅಲ್ಲ. ಆದರೆ ಪೊಲೀಸರು ದಾರಿ, ಸಮಯ ಗೊತ್ತುಮಾಡಿ ಷರತ್ತು ಹಾಕಬಹುದು, ಮೀರಿದರೆ ಕೇಸು. ನಿಷೇಧಿತ ಸಂಘಟನೆಗೆ ಬೆಂಬಲ ಎಂದು ಕಾಣುವ ಫಲಕ ಹಿಡಿದರೆ ಭಯೋತ್ಪಾದನೆ ಕಾನೂನಿನಡಿ ಬಂಧಿಸಬಹುದು. ಶಿಕ್ಷೆಯಾದರೆ ಮುಂದೆ ಪೌರತ್ವಕ್ಕೆ ನಡತೆ ನೋಡುವಾಗ ಅದು ಬಂದು ನಿಲ್ಲುತ್ತದೆ. ಯಾವ ಸಂಘಟನೆ ಕರೆ ಕೊಟ್ಟಿದೆ, ಪೊಲೀಸರು ಯಾವ ದಾರಿ ಕೊಟ್ಟಿದ್ದಾರೆ, ಅವಳ ಫಲಕದಲ್ಲಿ ಏನು ಬರೆದಿದೆ ಎಂಬುದನ್ನು ಹಿಂದಿನ ರಾತ್ರಿ ಇಬ್ಬರೂ ಕೂತು ನೋಡಿ. ಮಾರನೆಯ ದಿನ ನೀವೂ ಜೊತೆಗೆ ಹೋಗಿ.