ಗಾಂಜಾ ಹೂ ಟ್ರಿಮ್ ಮಾಡಲು ಕೈ ನೋಯದ ಕತ್ತರಿ ಯಾವುದು?

ನೀವು ಕೇಳಿರುವುದು ಇಷ್ಟು: ಕೆನಡಾದ ಒಂಟಾರಿಯೋದಲ್ಲಿ ಮನೆಯ ಹಿತ್ತಲಲ್ಲಿ ಮೊದಲ ಸಲ ನಾಲ್ಕು ಗಿಡ ಬೆಳೆಸಿದ್ದೀರಿ, ಕೊಯ್ಲು ಹತ್ತಿರ ಬಂದಿದೆ, ಹೂವಿನ ಸುತ್ತಲಿನ ಎಲೆ ಕತ್ತರಿಸಿ ತೆಗೆಯಬೇಕು (ಅದೇ ಟ್ರಿಮ್), ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಹೆಬ್ಬೆರಳಿನ ಬುಡ ಮೊದಲೇ ನೋಯುತ್ತಿದೆ, ಜಪಾನಿನ ದುಬಾರಿ ಕತ್ತರಿ ತಗೊಳ್ಳಬೇಕಾ ಅಥವಾ ಅಡುಗೆಮನೆಯದೇ ಸಾಕಾ ಅಂತ. ಅಡುಗೆಮನೆ ಕತ್ತರಿ ಖಂಡಿತ ಬೇಡ. ದುಬಾರಿಯದೂ ಬೇಕಾಗಿಲ್ಲ. ಸ್ಪ್ರಿಂಗ್ ಇರುವ, ಹಗುರವಾದ, ತುದಿ ಚೂಪಾಗಿ ಸಣ್ಣಗಿರುವ ಕತ್ತರಿ ತಗೊಳ್ಳಿ. ಒಂದಲ್ಲ, ಎರಡು.

ನಾನೂ ಒಂಟಾರಿಯೋದಲ್ಲೇ ಇದ್ದೇನೆ. 2018ರ ಅಕ್ಟೋಬರ್ 17ಕ್ಕೆ ಗಾಂಜಾಕ್ಕೆ ಅನುಮತಿ ಕೊಡುವ ಕಾನೂನು ಜಾರಿಗೆ ಬಂತಲ್ಲ, ಮರುವರ್ಷದಿಂದ ಬೆಳೆಸುತ್ತಿದ್ದೇನೆ. ಮೊದಲ ವರ್ಷ ಹಾಲಿನ ಚೀಲದ ಮೂಲೆ ಕತ್ತರಿಸುವ ಕತ್ತರಿಯನ್ನೇ ಹಿಡಿದು ಬೆಳಗ್ಗೆಯಿಂದ ಸಂಜೆವರೆಗೆ ಕೂತಿದ್ದೆ. ಹೆಬ್ಬೆರಳಿನ ಗೆಣ್ಣಿನ ಹತ್ತಿರ ಚರ್ಮ ಕಿತ್ತುಬಂದಿತ್ತು. ಎರಡು ದಿನ ಲಟ್ಟಣಿಗೆ ಹಿಡಿಯಲು ಆಗಲಿಲ್ಲ.

ಆಮೇಲೆ ಯೋಚನೆ ಮಾಡಿದಾಗ ತಿಳಿದದ್ದು ಏನೆಂದರೆ, ಕತ್ತರಿಸುವ ಕೆಲಸ ಕೈಯನ್ನು ಅಷ್ಟು ದಣಿಸುವುದಿಲ್ಲ, ಕತ್ತರಿ ತೆರೆಯುವ ಕೆಲಸ ದಣಿಸುತ್ತದೆ. ಎಲೆ ಮೆತ್ತಗಿರುತ್ತದೆ, ಅದಕ್ಕೆ ಶಕ್ತಿಯೇ ಬೇಡ. ಆದರೆ ಹೂವಿನ ಮೇಲಿನ ಅಂಟು ಅಲಗಿಗೆ ಮೆತ್ತಿಕೊಂಡು, ಹತ್ತು ಹದಿನೈದು ನಿಮಿಷದಲ್ಲಿ ಎರಡೂ ಅಲಗು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಆಗ ಪ್ರತಿ ಸಲವೂ ಹೆಬ್ಬೆರಳಿನಿಂದ ಎಳೆದು ಬಿಡಿಸಬೇಕು. ನಿಮಿಷಕ್ಕೆ 40 ಸಲ ಅಂತ ಲೆಕ್ಕ ಹಾಕಿ, ಗಂಟೆಗೆ 2,400 ಸಲ ಆಯಿತು. ನಿಮಗೆ ಈಗಾಗಲೇ ನೋವಿರುವುದು ಅದೇ ಜಾಗದಲ್ಲಿ, ಅಲ್ವಾ? ಸ್ಪ್ರಿಂಗ್ ಇದ್ದರೆ ಕತ್ತರಿ ತಾನೇ ತೆರೆದುಕೊಳ್ಳುತ್ತದೆ. ಬೆರಳು ತೂರಿಸುವ ಉಂಗುರವೂ ಇರುವುದಿಲ್ಲ, ಹಾಗಾಗಿ ಚರ್ಮ ಉಜ್ಜುವುದಿಲ್ಲ.

ಸ್ಪ್ರಿಂಗ್ ಗಟ್ಟಿ ಇದ್ದರೆ ಮಾತ್ರ ಕಷ್ಟ, ಆಗ ಮುಚ್ಚುವಾಗ ಅಂಗೈ ನೋಯುತ್ತದೆ. ಗುಲಾಬಿ ಕಡ್ಡಿ ಕತ್ತರಿಸುವ ದೊಡ್ಡ ಕತ್ತರಿಗಳ ಸ್ಪ್ರಿಂಗ್ ಹೀಗೆಯೇ ಇರುತ್ತದೆ. ಅದು ಕೊಂಬೆ ಕಡಿಯಲು ಸರಿ, ಎಲೆಗೆ ಬೇಡ. ಅಂಗಡಿಯಲ್ಲಿ ಕೈಗೆತ್ತಿಕೊಂಡು ಐವತ್ತು ಸಲ ತೆರೆದು ಮುಚ್ಚಿ ನೋಡಿ. ಎರಡು ಬೆರಳು ಮತ್ತು ಹೆಬ್ಬೆರಳಿನಲ್ಲೇ ಸುಲಭವಾಗಿ ಮುಚ್ಚಬೇಕು. ನಾನು ಬಳಸುವುದು ಫಿಸ್ಕಾರ್ಸ್‌ನ ಮೈಕ್ರೋ ಟಿಪ್, ಕಿತ್ತಳೆ ಹಿಡಿಯದು. ಜಪಾನಿನ ಚಿಕಮಾಸಾ ಕೂಡ ಒಳ್ಳೆಯದು. ಅದರಲ್ಲಿ ಅಲಗು ಸ್ವಲ್ಪ ಬಾಗಿರುವ, ಅಂಟು ಬೇಗ ಹಿಡಿಯದಂತೆ ಲೇಪ ಇರುವ ಮಾದರಿಗಳು ಸಿಗುತ್ತವೆ. ಬಾಗಿದ ಅಲಗು ಹೂವಿನ ಉಬ್ಬಿನ ಜೊತೆಗೇ ಹೋಗುತ್ತದೆ. ಆದರೆ ಮೊದಲ ಸಲದವರಿಗೆ ನೇರ ಅಲಗೇ ಸಲೀಸು, ತುದಿ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ. ಲೇಪ ಇರುವುದನ್ನು ಕೊಂಡರೆ ಚಾಕುವಿನಿಂದ ಕೆರೆಯಬೇಡಿ, ಲೇಪವೇ ಎದ್ದುಹೋಗುತ್ತದೆ.

ಎರಡು ಕತ್ತರಿ ಯಾಕೆ ಅಂದರೆ, ಒಂದು ಕೈಯಲ್ಲಿರುವಾಗ ಇನ್ನೊಂದು ನೆನೆಯುತ್ತಿರಬೇಕು. ಔಷಧಿ ಅಂಗಡಿಯಲ್ಲಿ ಸಿಗುವ 99% ಐಸೊಪ್ರೊಪೈಲ್ ಆಲ್ಕೊಹಾಲನ್ನು ಸಣ್ಣ ಗಾಜಿನ ಲೋಟದಲ್ಲಿ ಅಲಗು ಮುಳುಗುವಷ್ಟು ಹಾಕಿಡಿ. ಅಂಟು ಹಿಡಿದ ಕೂಡಲೇ ಬದಲಿಸಿ. ಹೊರತೆಗೆದದ್ದನ್ನು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಹೂವಿಗೆ ತಾಗಿಸಿ. ನಮ್ಮ ಕಡೆ ಹಲಸಿನ ಹಣ್ಣು ಬಿಡಿಸುವಾಗ ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರುತ್ತೇವಲ್ಲ, ಇಲ್ಲೂ ಕೆಲವರು ಹಾಗೆ ಮಾಡುತ್ತಾರೆ. ಅಂಟು ಹಿಡಿಯುವುದಿಲ್ಲ, ನಿಜ. ಆದರೆ ಎಣ್ಣೆ ಹೂವಿಗೆ ತಾಗುತ್ತದೆ, ಆ ಹೂವನ್ನು ಸೇದುವವರಿಗೆ ಅದು ಒಳ್ಳೆಯದಲ್ಲ. ಎಣ್ಣೆಯನ್ನು ಕೆಲಸ ಮುಗಿದ ಮೇಲೆ ಕೈ ತೊಳೆಯಲು ಬಳಸಿ. ಇನ್ನೊಂದು ಮುಖ್ಯ ವಿಷಯ. ವಾಸನೆ ಹೋಗಲಿ ಅಂತ ಊದುಬತ್ತಿ ಹಚ್ಚುವ ಅಭ್ಯಾಸ ನಮ್ಮವರಿಗೆ ಜಾಸ್ತಿ. ಆ ಆಲ್ಕೊಹಾಲ್ ತೆರೆದಿಟ್ಟ ಕೋಣೆಯಲ್ಲಿ ಊದುಬತ್ತಿ, ದೀಪ, ಒಲೆ ಯಾವುದೂ ಬೇಡ. ಕಿಟಕಿ ತೆರೆದಿಡಿ.

ಕತ್ತರಿ ಹಿಡಿಯುವ ಮೊದಲೇ ಕೆಲಸ ಕಡಿಮೆ ಮಾಡಿಕೊಳ್ಳಬಹುದು. ಅಗಲವಾದ ದೊಡ್ಡ ಎಲೆಗಳನ್ನು ಗಿಡ ಹಸಿ ಇರುವಾಗಲೇ ಕೈಯಲ್ಲಿ ಕೀಳಿ, ತೊಟ್ಟು ಕೆಳಕ್ಕೆ ಬಗ್ಗಿಸಿದರೆ ಚಟ್ಟನೆ ಬರುತ್ತದೆ. ಹೂವಿನೊಳಗಿಂದ ಇಣುಕುವ ಸಣ್ಣ ಎಲೆಗಳಿಗೆ ಮಾತ್ರ ಕತ್ತರಿ ಸಾಕು. ಹಸಿಯಾಗಿ ಟ್ರಿಮ್ ಮಾಡಿದರೆ ಎಲೆ ನೆಟ್ಟಗೆ ನಿಂತಿರುತ್ತದೆ, ಕೆಲಸ ಬೇಗ ಆಗುತ್ತದೆ, ಆದರೆ ಅಂಟು ಜಾಸ್ತಿ, ಒಂದೇ ದಿನ ಮುಗಿಸಬೇಕು. ನಿಮ್ಮ ಕೈಗೆ ಅದು ಬೇಡ. ಕೊಂಬೆಗಳನ್ನು ಕತ್ತಲೆ ಕೋಣೆಯಲ್ಲಿ ತಲೆಕೆಳಗಾಗಿ ತೂಗುಹಾಕಿ ಹತ್ತು ಹದಿನಾಲ್ಕು ದಿನ ಒಣಗಿಸಿ, ಆಮೇಲೆ ನಿಧಾನವಾಗಿ ಟ್ರಿಮ್ ಮಾಡಿ. ಅಕ್ಟೋಬರ್‌ನಲ್ಲಿ ಹೀಟರ್ ಶುರುವಾದರೆ ಮನೆಯ ಗಾಳಿ ತುಂಬಾ ಒಣಗುತ್ತದೆ, ಸಣ್ಣ ಎಲೆಗಳು ಮೇಲೆ ಉಳಿದಿದ್ದರೆ ಹೂ ಗರಿಗರಿ ಆಗಿಬಿಡುವುದಿಲ್ಲ. ಆದರೆ ಮಳೆ ಹಿಡಿದು ಹೂವಿನೊಳಗೆ ಬೂದು ಬೂಷ್ಟು ಕಂಡರೆ ಕಾಯಬೇಡಿ, ಆ ಭಾಗ ತೆಗೆದು ಎಸೆಯಿರಿ. ಅದನ್ನು ಮುಟ್ಟಿದ ಕತ್ತರಿಯನ್ನು ತೊಳೆಯದೆ ಮುಂದಿನ ಹೂವಿಗೆ ಹಾಕಬೇಡಿ.

ಹಿಡಿ ಜಾರುತ್ತದೆ ಅನ್ನಿಸಿದರೆ ಬಟ್ಟೆಯ ಟೇಪ್ ಎರಡು ಸುತ್ತು ಸುತ್ತಿ. ಅಡಿಕೆ ಸುಲಿಯುವ ಹೆಂಗಸರು ಕೂರುವ ಮೊದಲು ಬೆರಳಿಗೆ ಬಟ್ಟೆ ಸುತ್ತಿಕೊಳ್ಳುವುದನ್ನು ನೋಡಿ ಬೆಳೆದವನು ನಾನು, ನೋವು ಬಂದ ಮೇಲೆ ಸುತ್ತಿ ಪ್ರಯೋಜನ ಇಲ್ಲ. ಮೊಣಕೈ ಮೇಜಿನ ಮೇಲೆ ಊರಿರಲಿ, ಕೈಯನ್ನು ಗಾಳಿಯಲ್ಲಿ ಎತ್ತಿ ಹಿಡಿಯಬೇಡಿ. ಕತ್ತರಿಯನ್ನು ತಿರುಗಿಸುವ ಬದಲು ಇನ್ನೊಂದು ಕೈಯಿಂದ ಹೂವನ್ನು ತಿರುಗಿಸಿ, ಮಣಿಕಟ್ಟು ನೆಟ್ಟಗೆ ಉಳಿಯುತ್ತದೆ. ನೀವು ಎಡಗೈಯವರಾಗಿದ್ದರೆ ಹಿಡಿ ಎರಡೂ ಕಡೆ ಒಂದೇ ಥರ ಇದ್ದರೆ ಸಾಲದು, ಅಲಗು ಕೂಡ ಎಡಗೈಯವರಿಗೆ ಮಾಡಿದ್ದಾಗಿರಬೇಕು.

ಊರಿನಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಒಂದು ಮಾತು: ಭಾರತದಲ್ಲಿ 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಗಾಂಜಾ ಬೆಳೆದರೆ ಹತ್ತು ವರ್ಷದವರೆಗೆ ಜೈಲು. ಕೆನಡಾದಲ್ಲೂ ಕ್ವಿಬೆಕ್‌ನಲ್ಲಿ ಮನೆಯಲ್ಲಿ ಬೆಳೆಯುವ ಹಾಗಿಲ್ಲ. ನಾನು ಹೇಳುತ್ತಿರುವುದು ಒಂಟಾರಿಯೋ ಮಾತು, ಒಂದು ಮನೆಗೆ ನಾಲ್ಕೇ ಗಿಡ.

ನಾನು ಈಗ ದಿನಕ್ಕೆ ಎರಡು ಗಂಟೆ ಮಾತ್ರ ಕೂರುತ್ತೇನೆ, ಅರ್ಧ ಗಂಟೆಗೊಮ್ಮೆ ಎದ್ದು ಕೈ ಬಿಡಿಸಿಕೊಳ್ಳುತ್ತೇನೆ. ನಾಲ್ಕು ಗಿಡಕ್ಕೆ ಒಂದು ವಾರದ ಮೇಲಾಗುತ್ತದೆ, ಆಗಲಿ. ನೀವು ಶುರು ಮಾಡಿದ ಮೇಲೆ ಹೆಬ್ಬೆರಳು, ತೋರುಬೆರಳು ಜೋಮು ಹಿಡಿದರೆ ಅಥವಾ ರಾತ್ರಿ ಜೋಮಿಗೆ ಎಚ್ಚರ ಆದರೆ ಕತ್ತರಿ ಬದಲಿಸಿ ನೋಡುತ್ತಾ ಕೂರಬೇಡಿ. ಅವತ್ತಿಗೆ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಒಣಗಿದ ಕೊಂಬೆಗಳನ್ನು ಮುಚ್ಚಳವಿರುವ ಡಬ್ಬದಲ್ಲಿ ಹಾಕಿ, ದಿನಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿಯಾಡಿಸುತ್ತಿದ್ದರೆ ಅವು ಕಾಯುತ್ತವೆ.