ಗಾಳಕ್ಕೆ ಬಿದ್ದ ಕಾಣೆ, ಗೆರಟೆಯ ಕೆಂಡ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಡಿಸೆಂಬರ್ ರಜೆಗೆ 8 ಮತ್ತು 11 ವರ್ಷದ ಮಕ್ಕಳ ಜತೆ ಉಡುಪಿ ಬಳಿ ಹೊಳೆ ಕಡಲು ಸೇರುವಲ್ಲಿರುವ ಕೋಡಿಬೆಂಗ್ರೆಗೆ ಹೋಗುವವರಿದ್ದೇವೆ. ಕಳೆದ ಬಾರಿ ದೊಡ್ಡ ಗಾಳ, ದಪ್ಪ ದಾರ ಒಯ್ದು ಬೆಳಗಿನಿಂದ ಮಧ್ಯಾಹ್ನದವರೆಗೆ ಕುಳಿತರೂ ಒಂದು ಮೀನೂ ಸಿಗಲಿಲ್ಲ. ಎಲ್ಲಿ ತಪ್ಪಿದೆವು? (ಶಿವಮೊಗ್ಗ)

ಉತ್ತರ: ತಪ್ಪಿದ್ದು ಗಾಳದ ಗಾತ್ರದಲ್ಲಿ. ಮಕ್ಕಳೊಂದಿಗೆ ಹೋದಾಗ ತೆರೆಯ ಕಡೆ ಬಿಟ್ಟು ಹೊಳೆಯ ಕಡೆ ಕೂರಿ. ಅಲ್ಲಿ ಸ್ವರ್ಣಾ, ಸೀತಾ ನದಿಗಳ ನೀರು ಶಾಂತ, ತಳ ಮರಳು. ಅಂಥ ಕಡೆ ಸಿಗುವ ಮೀನು ಕಾಣೆ. ಮೂತಿ ಉದ್ದ, ಬಾಯಿ ಮಾತ್ರ ಪುಟ್ಟದು. ದೊಡ್ಡ ಗಾಳ ಅದರ ಬಾಯಿಗೆ ಹೋಗುವುದೇ ಇಲ್ಲ, ಗಾಳಕ್ಕೆ ಪೋಣಿಸಿದ ಸಿಗಡಿಯನ್ನು ಅಂಚಿನಿಂದ ಕಚ್ಚಿ ಕಚ್ಚಿ ಖಾಲಿ ಮಾಡಿ ಹೋಗುತ್ತದೆ. 8 ಅಥವಾ 10ನೇ ನಂಬರಿನ ಗಾಳ ಕೇಳಿ ತನ್ನಿ (ನಂಬರ್ ಹೆಚ್ಚಾದಷ್ಟೂ ಗಾಳ ಚಿಕ್ಕದು). 0.25 ಮಿಲಿಮೀಟರ್ ನೈಲಾನ್ ದಾರ, ದಾರದ ಮೇಲೆ ಜಾರುವಂಥ 20 ಗ್ರಾಂ ಸೀಸದ ಗುಂಡು, ಗುಂಡಿನಿಂದ ಗಾಳಕ್ಕೆ ಒಂದು ಮೊಳ ಅಂತರ. ಸೀಸ ಜಾರುವಂತಿದ್ದರೆ ಮೀನು ಎಳೆದಾಗ ಭಾರ ಅದಕ್ಕೆ ಗೊತ್ತಾಗದು.

ಹಸಿ ಸಿಗಡಿಯ ಸಿಪ್ಪೆ ತೆಗೆದು ಕಡಲೆಕಾಳಿನಷ್ಟು ತುಂಡು ಪೋಣಿಸಿ, ಗಾಳದ ಮೊನೆ ಚೂರು ಹೊರಗಿರಲಿ. 15ರಿಂದ 20 ಮೀಟರ್ ದೂರ ಎಸೆದು ಸುಮ್ಮನೆ ಬಿಡಬೇಡಿ. ಅರ್ಧ ನಿಮಿಷಕ್ಕೊಮ್ಮೆ ಗೇಣುದ್ದ ಎಳೆಯಿರಿ. ಸೀಸ ಕದಡಿದ ಮರಳು ಕಂಡು ಕಾಣೆ ಹುಡುಕಿಕೊಂಡು ಬರುತ್ತದೆ. ನೀರು ಏರುವ ಹೊತ್ತಿನ ಮೊದಲ ಎರಡು ಮೂರು ತಾಸು ಒಳ್ಳೆಯದು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಾಗಾಗಿ ಹಿಂದಿನ ದಿನದ ಲೆಕ್ಕ ನಂಬಿ ಹೊರಡಬೇಡಿ. ಗೇಣಿಗಿಂತ ಚಿಕ್ಕ ಮೀನು ಬಿದ್ದರೆ ಒದ್ದೆ ಕೈಯಲ್ಲಿ ಬಿಡಿಸಿ ನೀರಿಗೆ ಬಿಡಿ.

ಪ್ರಶ್ನೆ: ಕೆಂಡದ ಮೇಲೆ ಸುಟ್ಟರೆ ಮೀನಿನ ಸಿಪ್ಪೆಯೆಲ್ಲ ಜಾಲರಿಗೆ, ಉಳಿದದ್ದು ಕೆಂಡಕ್ಕೆ! ಹೊರಗೆ ಕರಿ, ಮೂಳೆಯ ಹತ್ತಿರ ಹಸಿ. ಏನು ಮಾಡಲಿ? (ಹಾಸನ)

ಉತ್ತರ: ಅವಸರವೇ ಮುಕ್ಕಾಲು ಪಾಲು ಕಾರಣ. ಗೆರಟೆ (ತೆಂಗಿನ ಚಿಪ್ಪು) ಹೊತ್ತಿದ ಕೂಡಲೇ ಜ್ವಾಲೆ ಚೆನ್ನಾಗಿ ಕಾಣುತ್ತದೆ, ಎಲ್ಲರೂ ಆಗಲೇ ಮೀನು ಇಡುತ್ತಾರೆ. ಆ ಜ್ವಾಲೆಗೆ ಮಸಾಲೆ ಸುಡುತ್ತದೆಯೇ ಹೊರತು ಮೀನು ಬೇಯುವುದಿಲ್ಲ. ಕೆಂಡದ ಮೇಲೆ ಬಿಳಿ ಬೂದಿ ಕಟ್ಟಲಿ. ಜಾಲರಿಯ ಎತ್ತರದಲ್ಲಿ ಅಂಗೈ ಹಿಡಿದು ಎಣಿಸಿ: ನಾಲ್ಕು ಎಣಿಸುವಷ್ಟರಲ್ಲಿ ಕೈ ಹಿಂದೆಗೆಯಬೇಕೆನಿಸಿದರೆ ಹದ ಸರಿ. ಗೆರಟೆಯ ಕೆಂಡ ಬೇಗ ಇಳಿಯುತ್ತದೆ. ಅರ್ಧ ಇದ್ದಿಲು ಸೇರಿಸಿದರೆ ಎರಡನೇ ಸುತ್ತಿಗೂ ಸಾಕಾಗುತ್ತದೆ.

ಖಾಲಿ ಜಾಲರಿಯನ್ನೇ ಐದು ನಿಮಿಷ ಕಾಯಿಸಿ, ಎಣ್ಣೆಬಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ಉಜ್ಜಿ. ಮೀನಿನ ತೇವವನ್ನು ಬಟ್ಟೆಯಿಂದ ಒತ್ತಿ ತೆಗೆಯಿರಿ, ಎರಡೂ ಬದಿಗೆ ಮೂಳೆ ಮುಟ್ಟುವಂತೆ ಮೂರು ಗೀರು ಹಾಕಿ. ಒಂದು ಕಿಲೋ ಮೀನಿಗೆ 15 ಬ್ಯಾಡಗಿ ಮೆಣಸು, ಒಂದು ಚಮಚ ಕಾಳುಮೆಣಸು, ಅರ್ಧ ಚಮಚ ಜೀರಿಗೆ, ಎಂಟು ಎಸಳು ಬೆಳ್ಳುಳ್ಳಿ, ಚಿಟಿಕೆ ಅರಿಶಿನ, ಸಣ್ಣ ನಿಂಬೆಯಷ್ಟು ಹುಣಸೆ, ಎರಡು ಚಮಚ ಉಪ್ಪು. ಮನೆಯಲ್ಲೇ ಗಟ್ಟಿಯಾಗಿ ಅರೆದು ಒಯ್ಯಿರಿ. ತೆಂಗಿನಕಾಯಿ ಬೇಡ, ಕರಟುತ್ತದೆ. ತೆಳುವಾಗಿ ಸವರಿ 20 ನಿಮಿಷ ಬಿಟ್ಟು, ಇಡುವ ಮುನ್ನ ಮೀನಿಗೂ ಎಣ್ಣೆ ಹಚ್ಚಿ.

ಇಟ್ಟ ಮೇಲೆ ಕೆದಕಬೇಡಿ. ಸಿಪ್ಪೆ ಗರಿಯಾದಾಗ ತಾನಾಗಿ ಬಿಡುತ್ತದೆ; ಬಿಡಲಿಲ್ಲವೆಂದರೆ ಇನ್ನೂ ಆಗಿಲ್ಲ ಎಂದರ್ಥ. 200 ಗ್ರಾಂ ಬಂಗುಡೆಗೆ ಬದಿಗೆ ಐದಾರು ನಿಮಿಷ, ತೆಳ್ಳಗಿನ ಕಾಣೆಗೆ ಮೂರು ನಾಲ್ಕು. ಗೀರಿನ ಬುಡದ ಮಾಂಸ ಬಿಳಿಯಾಗಿ ಮೂಳೆಯಿಂದ ಬಿಟ್ಟುಕೊಂಡರೆ ತೆಗೆಯಿರಿ. ಕಾಣೆಯನ್ನು ಬಾಳೆ ಎಲೆಯಲ್ಲಿ ಸುತ್ತಿ ಸುಡುವವರೂ ಇದ್ದಾರೆ. ರುಚಿ ಚೆನ್ನ, ಆದರೆ ಅದು ಬೇಯಿಸಿದ ಮೀನು, ಸುಟ್ಟ ಮೀನಲ್ಲ.

ಪ್ರಶ್ನೆ: ಗಾಳಕ್ಕೆ ಏನೂ ಬೀಳದಿದ್ದರೆ ಎಂದು ಮಲ್ಪೆಯಲ್ಲಿ ಬೆಳಿಗ್ಗೆಯೇ ಬಂಗುಡೆ ಕೊಂಡಿಟ್ಟುಕೊಳ್ಳಬಹುದೆ? (ದಾವಣಗೆರೆ)

ಉತ್ತರ: ಧಾರಾಳವಾಗಿ. ಆದರೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಎಂಬ ಲೆಕ್ಕ ಬಿಡಬೇಡಿ. ಪುಡಿ ಮಾಡಿ ಮೇಲೂ ಕೆಳಗೂ ಹರಡಿ. ಬಂಗುಡೆ, ಭೂತಾಯಿ ಮೀನು ಬಿಸಿಲಲ್ಲಿ ಉಳಿದರೆ ಹಿಸ್ಟಮೈನ್ ಎಂಬ ನಂಜು ಹುಟ್ಟುತ್ತದೆ. ಎಷ್ಟು ಸುಟ್ಟರೂ ಅದು ಹೋಗದು. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ತಲೆ ಸಿಡಿದು, ಮೈ ತುರಿಸುತ್ತದೆ.

ಪ್ರಶ್ನೆ: ಹಿಡಿದ ಮೀನೆಲ್ಲ ತಿನ್ನಬಹುದೆ? ಮುಳ್ಳು ಚುಚ್ಚಿದರೆ? (ತುಮಕೂರು)

ಉತ್ತರ: ಮೇಲೆತ್ತಿದ ಕೂಡಲೇ ಚೆಂಡಿನಂತೆ ಊದಿಕೊಳ್ಳುವ ಮೀನನ್ನು ತಿನ್ನಲೇಬಾರದು; ಅದರ ವಿಷಕ್ಕೆ ಬೆಂಕಿ ನಾಟದು. ಮೀಸೆ ಮೀನಿನ ಬೆನ್ನಲ್ಲೊಂದು, ಎರಡು ಪಕ್ಕೆಗೆ ಒಂದೊಂದು ಮುಳ್ಳಿದೆ. ಆ ಮೀನನ್ನು ಗಾಳದಿಂದ ಇಕ್ಕಳದಲ್ಲೇ ಬಿಡಿಸಿ. ಚುಚ್ಚಿದರೆ ಚರ್ಮ ತಡೆಯುವಷ್ಟು, ಸುಮಾರು 45 ಡಿಗ್ರಿ ಬಿಸಿನೀರಲ್ಲಿ ಅರ್ಧದಿಂದ ಒಂದೂವರೆ ತಾಸು ಅದ್ದಿದರೆ ನೋವು ಇಳಿಯುತ್ತದೆ. ಮುಳ್ಳು ಮುರಿದು ಒಳಗೆ ಉಳಿದಿದ್ದರೆ, ಗಾಳದ ಮುಳ್ಳು ಮಾಂಸದೊಳಗೆ ಹೋಗಿದ್ದರೆ ಎಳೆಯದೆ ವೈದ್ಯರಲ್ಲಿಗೆ ಹೋಗಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ಕೇಳಿ.

ಪ್ರಶ್ನೆ: ಹೊರಡುವಾಗ ಕೆಂಡದ ಮೇಲೆ ಮರಳು ಮುಚ್ಚಿದರೆ ಸಾಕಲ್ಲವೆ? (ಮೈಸೂರು)

ಉತ್ತರ: ಅದೇ ಅಪಾಯ. ಮರಳು ಮುಚ್ಚಿದ ಕೆಂಡ ತಾಸುಗಟ್ಟಲೆ ಬಿಸಿಯಾಗಿರುತ್ತದೆ, ಮೇಲೆ ಏನೂ ಕಾಣುವುದಿಲ್ಲ. ಬರಿಗಾಲಲ್ಲಿ ಓಡಿ ಬರುವ ಮಗುವಿನ ಅಂಗಾಲು ಸುಡುತ್ತದೆ. ಒಲೆಯನ್ನು ಕಾಲಿರುವ ಕಬ್ಬಿಣದ ತಟ್ಟೆಯಲ್ಲೇ ಹೂಡಿ, ಗಾಳಿಮರದ ತೋಪಿನಿಂದ ದೂರ, ಸ್ಥಳೀಯರನ್ನು ಕೇಳಿ. ಪಡುಬಿದ್ರಿ, ಕಾಸರಕೋಡಿನಂಥ ನೀಲಿ ಧ್ವಜದ (ಸ್ವಚ್ಛ, ಸುರಕ್ಷಿತ ಎಂಬ ಅಂತರರಾಷ್ಟ್ರೀಯ ಮಾನ್ಯತೆ) ಕಡಲತೀರಗಳಲ್ಲಿ, ಆಮೆ ಮೊಟ್ಟೆಯಿಡುವ ಹೊನ್ನಾವರದ ಟೊಂಕದಲ್ಲಿ ಒಲೆಯ ಯೋಚನೆಯೇ ಬೇಡ. ಮುಗಿದ ಮೇಲೆ ನೀರು ಸುರಿದು, ಕೋಲಿನಿಂದ ಕಲಕಿ, ಮತ್ತೆ ಸುರಿಯಿರಿ. ಹೊಗೆ ನಿಂತು ಕೈಗೆ ತಣ್ಣಗೆ ಹತ್ತಿದ ಮೇಲೆ ಬೂದಿಯನ್ನು ಡಬ್ಬಿಗೆ ತುಂಬಿ, ಕಡಿದ ನೈಲಾನ್ ದಾರದ ತುಂಡುಗಳ ಜತೆ ಮನೆಗೆ ಒಯ್ಯಿರಿ.