ಬಿಹಾರದ ಕಾರ್ಡು ದಾವಣಗೆರೆಯಲ್ಲಿ ನಡೆಯುತ್ತದೆಯೇ?

ಓದುಗರ ಪತ್ರ: ದಾವಣಗೆರೆಯಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಸೆಂಟ್ರಿಂಗ್, ಗಾರೆ ಕೆಲಸಕ್ಕೆ ಮೇಸ್ತ್ರಿ ಕರೆತಂದವರಲ್ಲಿ ಬಿಹಾರ, ಒಡಿಶಾದ ಹುಡುಗರೇ ಹೆಚ್ಚು. ಒಬ್ಬನಿಗೆ ಹರ್ನಿಯಾ. ಆಯುಷ್ಮಾನ್ ಕಾರ್ಡು ಹಿಡಿದು ಖಾಸಗಿ ಆಸ್ಪತ್ರೆಗೆ ಹೋದರೆ ‘ಇದು ಬಿಹಾರದ್ದು, ಇಲ್ಲಿ ನಡೆಯಲ್ಲ, ಮುಂಗಡ ಕಟ್ಟಿ’ ಎಂದರಂತೆ. ದುಡಿಯಲು ಬಂದವರಿಗೆ ಕೈಗೆಟಕುವ ಆರೋಗ್ಯ ರಕ್ಷಣೆ ಇಲ್ಲವೇ? ಇದ್ದರೆ, ‘ನಮ್ಮ ತೆರಿಗೆ ದುಡ್ಡು ಅವರಿಗ್ಯಾಕೆ’ ಎನ್ನುವ ನೆರೆಯವರಿಗೆ ಏನು ಹೇಳಲಿ?

ಸಂಪಾದಕರ ಉತ್ತರ: ಕಾರ್ಡು ನಡೆಯುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಆಯುಷ್ಮಾನ್ ಯೋಜನೆ ಶುರುವಾದಾಗಿನಿಂದಲೂ, ಯೋಜನೆ ಒಪ್ಪಿಕೊಂಡ ಯಾವುದೇ ರಾಜ್ಯದ ಫಲಾನುಭವಿ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಆದರೆ ಒಡಿಶಾ ಬಹಳ ಕಾಲ ಹೊರಗಿದ್ದು 2025ರಲ್ಲಿ ಸೇರಿತು. ಹಾಗಾಗಿ ಅಲ್ಲಿಯವರ ಬಳಿ ಹಳೆಯ ರಾಜ್ಯ ಯೋಜನೆಯ ಕಾರ್ಡಷ್ಟೇ ಇದ್ದರೆ ಆಯುಷ್ಮಾನ್ ಕಾರ್ಡು ಹೊಸದಾಗಿ ಮಾಡಿಸಿ.

ನಿಮ್ಮ ಹುಡುಗ ಎಡವಿದ್ದು ಬಹುಶಃ ಬೇರೆ ಕಡೆ. ಕರ್ನಾಟಕದಲ್ಲಿ ಈ ಯೋಜನೆಯ ಮೊದಲ ಬಾಗಿಲು ಸರ್ಕಾರಿ ಆಸ್ಪತ್ರೆ. ತುರ್ತು ಪಟ್ಟಿಯ ಚಿಕಿತ್ಸೆಗಳಿಗೆ ಮಾತ್ರ ನೇರವಾಗಿ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಉಳಿದದ್ದಕ್ಕೆ ಸರ್ಕಾರಿ ವೈದ್ಯರ ರೆಫರಲ್ ಬೇಕು. ಸರಳ ಶಸ್ತ್ರಚಿಕಿತ್ಸೆಗಳಲ್ಲಿ ಹಲವನ್ನು ಸರ್ಕಾರಿ ಆಸ್ಪತ್ರೆಗೇ ಮೀಸಲಿಟ್ಟಿದ್ದಾರೆ. ಅವಕ್ಕೆ ನಮ್ಮದೇ ಬಿಪಿಎಲ್ ಕಾರ್ಡು ತೋರಿಸಿದರೂ ಖಾಸಗಿಯವರು ಉಚಿತವಾಗಿ ಮಾಡುವುದಿಲ್ಲ. ಆದ್ದರಿಂದ ಅವನನ್ನು ಚಿಗಟೇರಿ ಜಿಲ್ಲಾಸ್ಪತ್ರೆಗೆ ಕಳಿಸಿ. ಚಿತ್ರದುರ್ಗದವರಾದರೆ ಅಲ್ಲಿನ ಜಿಲ್ಲಾಸ್ಪತ್ರೆಗೆ. ಹೊರರೋಗಿ ಚೀಟಿ ಮಾಡಿಸಿ, ಸರ್ಜನ್‌ಗೆ ತೋರಿಸಿ, ದಾಖಲಾಗುವ ಮುಂಚೆಯೇ ಆರೋಗ್ಯಮಿತ್ರರ (ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರು) ಕೌಂಟರಿನಲ್ಲಿ ಆಧಾರ್ ಮತ್ತು ಕಾರ್ಡು ಕೊಡಬೇಕು. ಆಪರೇಷನ್ ಆದಮೇಲೆ ಬಿಲ್ಲು ಹಿಡಿದು ಹೋದರೆ ಹಣ ವಾಪಸ್ ಬರುವ ಯೋಜನೆಯಲ್ಲ ಇದು. ಜ್ವರ, ಸಕ್ಕರೆ ಕಾಯಿಲೆಯ ಮಾತ್ರೆಯಂಥ ಹೊರರೋಗಿ ಖರ್ಚೂ ಇದರಲ್ಲಿ ಬರುವುದಿಲ್ಲ.

ಕಾರ್ಡಿಲ್ಲದವರ ವಿಷಯದಲ್ಲಿ ಆಗುವ ತಪ್ಪು ಒಂದೇ ಬಗೆಯದು. ಆಯುಷ್ಮಾನ್ ಆ್ಯಪ್‌ನಲ್ಲಿ ‘ಕರ್ನಾಟಕ’ ಆರಿಸಿ ಹುಡುಕುತ್ತಾರೆ, ಹೆಸರಿಲ್ಲ ಎಂದು ಬರುತ್ತದೆ, ಅರ್ಹತೆಯೇ ಇಲ್ಲವೆಂದು ಕೈಬಿಡುತ್ತಾರೆ. ಹೆಸರಿರುವುದು ತವರು ರಾಜ್ಯದ ಪಟ್ಟಿಯಲ್ಲಿ, ಅದನ್ನೇ ಆರಿಸಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಕಳೆದುಹೋಗಿದ್ದರೆ ಒಟಿಪಿ ಬರುವುದಿಲ್ಲ. ಸಿಮೆಂಟು ಕಲಸಿ ಬೆರಳಿನ ಗೆರೆ ಸವೆದವರಿಗೆ ಬೆರಳಚ್ಚೂ ಕೂಡುವುದಿಲ್ಲ. ಆಗ ಮುಖ ಗುರುತಿಸುವ ದಾರಿ ಉಳಿಯುತ್ತದೆ, ಇಲ್ಲವೇ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಬೇಕು. ಮದುವೆಯಾಗಿ ಬಂದ ಹೆಂಡತಿ, ಹುಟ್ಟಿದ ಮಗುವಿನ ಹೆಸರು ಸೇರಿಸಲು ತವರು ರಾಜ್ಯದ ಒಪ್ಪಿಗೆ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಇದೆಲ್ಲ ಆರೋಗ್ಯವಾಗಿರುವಾಗ ಮಾಡುವ ಕೆಲಸ, ಸ್ಟ್ರೆಚರ್ ಪಕ್ಕ ನಿಂತು ಮಾಡುವುದಲ್ಲ. ಇ-ಶ್ರಮ್ ಕಾರ್ಡು ತೋರಿಸಿ ‘ನನ್ನ ಹತ್ತಿರ ವಿಮೆ ಇದೆ’ ಎನ್ನುವವರು ಬಹಳ. ಅದು ಅಸಂಘಟಿತ ಕಾರ್ಮಿಕರ ನೋಂದಣಿಯಷ್ಟೇ, ಆಸ್ಪತ್ರೆ ಬಿಲ್ಲಿಗೆ ಉಪಯೋಗವಿಲ್ಲ.

ಇನ್ನು ನಿಮ್ಮ ನೆರೆಯವರ ಮಾತು. ಹೊರ ರಾಜ್ಯದ ಆಯುಷ್ಮಾನ್ ರೋಗಿಯ ಬಿಲ್ಲನ್ನು ತೀರಿಸುವುದು ಅವನ ತವರು ರಾಜ್ಯದ ಆರೋಗ್ಯ ಸಂಸ್ಥೆ. ನಮ್ಮ ಖಜಾನೆಯಲ್ಲ. ಆಸ್ಪತ್ರೆಗಳು ಹಿಂದೇಟು ಹಾಕುವುದಕ್ಕೂ ಇದೇ ಒಂದು ಕಾರಣ: ದೂರದ ರಾಜ್ಯದಿಂದ ದುಡ್ಡು ಯಾವಾಗ ಬರುತ್ತದೋ ಎಂಬ ಅನುಮಾನ. ಅನುಮಾನ ನ್ಯಾಯವಾದದ್ದೇ ಇರಬಹುದು, ಆದರೆ ನೋಂದಾಯಿತ ಆಸ್ಪತ್ರೆ ಅದನ್ನು ನೆಪ ಮಾಡಿ ಕಾರ್ಡು ತಿರಸ್ಕರಿಸುವಂತಿಲ್ಲ. ಹಾಗೆ ಮಾಡಿದರೆ 14555ಕ್ಕೆ ಕರೆ ಮಾಡಿ ದೂರು ಬರೆಸಿ, ದೂರಿನ ಸಂಖ್ಯೆ ಕೇಳಿ ಗುರುತು ಹಾಕಿಕೊಳ್ಳಿ.

ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ ಕೂಡ ಮುಖ್ಯವಾಗಿ ನಡೆಯುವುದು ತೆರಿಗೆಯಿಂದಲ್ಲ, ಕಾರ್ಮಿಕರ ಮತ್ತು ಮಾಲೀಕರ ವಂತಿಗೆಯಿಂದ. 10 ಅಥವಾ ಹೆಚ್ಚು ಜನ ದುಡಿಯುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಅದು ಕಡ್ಡಾಯ. 16,000 ರೂಪಾಯಿ ಸಂಬಳದವನಿಂದ ಶೇ 0.75ರಂತೆ 120 ರೂಪಾಯಿ, ಮಾಲೀಕರಿಂದ ಶೇ 3.25ರಂತೆ 520 ರೂಪಾಯಿ. ಈ 640ಕ್ಕೆ ಹೆಂಡತಿ ಮಕ್ಕಳಿಗೂ ಚಿಕಿತ್ಸೆ, ಹೊರರೋಗಿಯ ಮಾತ್ರೆಯೂ ಸೇರಿ. ಸಂಸಾರ ಊರಲ್ಲೇ ಇದ್ದರೆ ಅಲ್ಲಿನ ಇಎಸ್‌ಐ ಡಿಸ್ಪೆನ್ಸರಿಗೆ ಅವರ ಹೆಸರು ಹಚ್ಚಿಸಬಹುದು. ಹತ್ತಿಗಿರಣಿಗಳ ಊರಾಗಿದ್ದ ದಾವಣಗೆರೆಯಲ್ಲಿ ಇಎಸ್‌ಐ ಆಸ್ಪತ್ರೆಯೂ ಇದೆ. ಆದರೂ ಹರಿಹರದ ರೈಸ್‌ಮಿಲ್ಲಿಗೋ ಚಳ್ಳಕೆರೆಯ ಎಣ್ಣೆ ಮಿಲ್ಲಿಗೋ ಬಂದ ಹೊರಗಿನ ಹುಡುಗ ಇದರಿಂದ ಜಾರಿಹೋಗುವ ಬಗೆ ಗೊತ್ತಿರಲಿ. ಗುತ್ತಿಗೆದಾರ ಬದಲಾದಾಗಲೆಲ್ಲ ಅವನಿಗೆ ಹೊಸ ವಿಮಾ ಸಂಖ್ಯೆ ಮಾಡುತ್ತಾರೆ, ವಂತಿಗೆ ಹರಿದು ಹಂಚಿಹೋಗುತ್ತದೆ. ಕಾಯಿಲೆ ಬಿದ್ದಾಗ ಸಿಗುವ ಶೇ 70ರ ಭತ್ಯೆಗೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನ ತುಂಬಿರಬೇಕು; ಯಾವ ಸಂಖ್ಯೆಯಲ್ಲೂ ಅಷ್ಟು ತುಂಬಿರುವುದಿಲ್ಲ. ಹಳೆಯ ಸಂಖ್ಯೆ ಕೊಟ್ಟು ಅದರಲ್ಲೇ ಮುಂದುವರಿಸಿ ಎಂದು ಕಾರ್ಮಿಕನೇ ಕೇಳಬೇಕು. ಭಾಷೆ ಬಾರದವನು ಕೇಳುವುದಾದರೂ ಹೇಗೆ?

ನಿಮ್ಮಂಥ ಮನೆ ಕಟ್ಟಿಸುವವರಿಗೆ ಹತ್ತಿರದ್ದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ. ಅದರ ನಿಧಿ ಬರುವುದು ಕಟ್ಟಡ ವೆಚ್ಚದ ಮೇಲಿನ ಸೆಸ್‌ನಿಂದ. ವಯಸ್ಸು 18ರಿಂದ 60, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದೃಢೀಕರಣ ಇದ್ದರೆ ಹೊರ ರಾಜ್ಯದವರೂ ನೋಂದಾಯಿಸಬಹುದು, ವೈದ್ಯಕೀಯ ಸಹಾಯಧನ ಕೇಳಬಹುದು. ಅಡ್ಡಿಯಾಗುವುದು ಆ 90 ದಿನದ ಸಹಿ. ಸಹಿ ಹಾಕಿದರೆ ಹೊಣೆ ತಲೆಗೆ ಬರುತ್ತದೆ ಎಂದು ಮೇಸ್ತ್ರಿಗಳು ಜಾರಿಕೊಳ್ಳುತ್ತಾರೆ. ಹೊಣೆ ಸಹಿ ಇಲ್ಲದೆಯೂ ಇದ್ದೇ ಇದೆ: ಇಎಸ್‌ಐ ಇಲ್ಲದ ಕಡೆ ಕೆಲಸದಲ್ಲಾದ ಗಾಯದ ಚಿಕಿತ್ಸೆ ವೆಚ್ಚ ಕೆಲಸ ಕೊಟ್ಟವರದ್ದೇ.

ಇಷ್ಟರ ಮೇಲೂ ಒಂದು ಗುಂಪು ಹೊರಗುಳಿಯುತ್ತದೆ: ತವರಿನ ಪಟ್ಟಿಯಲ್ಲಿ ಹೆಸರಿಲ್ಲ, ಕರ್ನಾಟಕದ ಬಿಪಿಎಲ್ ಕಾರ್ಡೂ ಇಲ್ಲ. ನಮ್ಮ ರಾಜ್ಯದ ಯೋಜನೆ ಪಡಿತರ ಚೀಟಿಗೆ ಗಂಟು ಬಿದ್ದಿದೆ. ವರ್ಷಗಟ್ಟಲೆ ಇಲ್ಲಿ ದುಡಿದವರಿಗೆ ಮಂಡಳಿಯ ಗುರುತಿನ ಚೀಟಿಯನ್ನೇ ಆಧಾರವಾಗಿ ಒಪ್ಪಬೇಕು ಎಂಬುದು ನಮ್ಮ ವಾದ. ಅದು ಬೆಂಗಳೂರಿನಲ್ಲಿ ತೀರ್ಮಾನವಾಗಬೇಕಾದದ್ದು. ಜಿಲ್ಲಾಸ್ಪತ್ರೆಯ ಕೌಂಟರಿನಲ್ಲಿ ಹಿಂದಿ, ಒಡಿಯಾ ಬಲ್ಲ ಒಬ್ಬರನ್ನು ಕೂರಿಸಿ ಎಂದು ಕೇಳಲು ಅಷ್ಟು ದೂರ ಹೋಗಬೇಕಿಲ್ಲ. ಯೋಜನೆಯ ಜಿಲ್ಲಾ ಕುಂದುಕೊರತೆ ಸಮಿತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ನೀವು ಅರ್ಜಿ ಬರೆದು ಜಿಲ್ಲಾ ಆರೋಗ್ಯಾಧಿಕಾರಿಗೆ ಪ್ರತಿ ಕಳಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಆ ಹುಡುಗನಿಗೆ ಕಾರ್ಡು ತಿರಸ್ಕರಿಸಿದ ದಿನಾಂಕವನ್ನೂ ಅದರಲ್ಲಿ ನಮೂದಿಸಿ.